ದೋಷ ಕಂಡುಬಂದಿಲ್ಲ

ಎಂಟು ದಿನದ ಹಿಂದೆ, ಭಾನುವಾರ, ನಾನು ಆಕಾಶದಲ್ಲಿದ್ದದ್ದು ಒಟ್ಟು ಹನ್ನೊಂದು ನಿಮಿಷ. ನನಗಿಂತ ಸ್ವಲ್ಪ ಮೊದಲು ಹೊರಟವರು ಐದು ಗಂಟೆ ಹಾರಿ ಬಂದು, ಸಂಜೆ ಕ್ಲಬ್ಬಿನ ಮೇಜಿನ ಸುತ್ತ ಕುಳಿತು, ಅಂಗೈಗಳನ್ನೇ ವಿಮಾನ ಮಾಡಿಕೊಂಡು ಓರೆಯಾಗಿ ತಿರುಗಿಸುತ್ತ, ಎಲ್ಲೆಲ್ಲಿ ಎಷ್ಟೆಷ್ಟು ಮೇಲೇರಿದೆವೆಂದು ವರ್ಣಿಸುತ್ತಿದ್ದರು. ನಾನು ಸೇಬಿನ ಕೇಕಿನ ತುಂಡೊಂದನ್ನು ಮುಂದಿಟ್ಟುಕೊಂಡು ತಲೆಯಾಡಿಸುತ್ತಿದ್ದೆ. ಮದುವೆಮನೆಗೆ ಹೋಗಿ, ಪಂಕ್ತಿ ಏಳುವ ಹೊತ್ತಿಗೂ ಚಪ್ಪಲಿ ಹುಡುಕುತ್ತ ಬಾಗಿಲಲ್ಲೇ ಉಳಿದವನ ಹಾಗೆ.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಸಮೀಪ. ವಾರದಲ್ಲಿ ಐದು ದಿನ ಕಂಪ್ಯೂಟರಿನ ಮುಂದೆ ಕೂರುತ್ತೇನೆ. ಮಿಕ್ಕ ಎರಡು ದಿನ ಶ್ವೇಬಿಷ್ ಆಲ್ಬ್ ಎಂಬ ಬೆಟ್ಟಸಾಲಿನ ಅಂಚಿನ ಒಂದು ಹುಲ್ಲುಗಾವಲಿನಲ್ಲಿ ಗ್ಲೈಡರ್ ತಳ್ಳುತ್ತೇನೆ. ಹಾರಿಸುತ್ತೇನೆ ಎಂದು ಬರೆಯಬೇಕಿತ್ತು, ಆದರೆ ಹಾರುವುದು ಒಂದು ಗಂಟೆಯಾದರೆ ತಳ್ಳುವುದು ಆರು ಗಂಟೆ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಈ ದೇಶದ ಎಂಜಿನ್ ವಿಮಾನಗಳಿಗೆ ವರ್ಸೇಲ್ಸ್ ಒಪ್ಪಂದ ಮೂಗುದಾರ ಹಾಕಿತ್ತು. ಎಂಜಿನ್ ತಾನೇ ಬೇಡವೆಂದದ್ದು, ಆಗಲಿ ಎಂದು ಇವರು 1920ರಲ್ಲಿ ವಾಸರ್‌ಕುಪ್ಪೆ ಎಂಬ ಬೆಟ್ಟದ ಮೇಲೆ ಎಂಜಿನ್ನಿಲ್ಲದ ವಿಮಾನಗಳ ಸ್ಪರ್ಧೆಯನ್ನೇ ಇಟ್ಟುಕೊಂಡರು. ನೂರು ವರ್ಷ ದಾಟಿದರೂ ಆ ಹಟ ಇಳಿದಿಲ್ಲ. ನಮ್ಮಲ್ಲಿ ಊರೂರಿಗೆ ಭಜನಾ ಮಂಡಳಿ ಇರುವ ಹಾಗೆ ಇಲ್ಲಿ ಗ್ಲೈಡರ್ ಕ್ಲಬ್ಬುಗಳಿವೆ. 14 ವರ್ಷ ತುಂಬಿದ ಮಕ್ಕಳು ಒಬ್ಬರೇ ಹಾರಿ ಬಂದು ಹೋಂವರ್ಕ್ ಮಾಡುತ್ತಾರೆ.

ಎಂಜಿನ್ನೇ ಇಲ್ಲದ ಮೇಲೆ ಕೆಡುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ನಾನೂ ಹಾಗೆಂದುಕೊಂಡೇ ಸೇರಿದ್ದೆ. ಮಿಕ್ಸಿ, ಗೀಸರ್, ಟಿ.ವಿ. ರಿಮೋಟು ಇವುಗಳ ಜೊತೆ ಗುದ್ದಾಡಿ ಸಾಕಾಗಿದ್ದವನಿಗೆ, ಎರಡು ರೆಕ್ಕೆ ಒಂದು ಬಾಲ ಅಷ್ಟೇ ಇರುವ ಈ ವಸ್ತು ಪರಮ ಸಾತ್ವಿಕವಾಗಿ ಕಂಡಿತ್ತು. ಒಳಗೆ ಕುಳಿತ ಮೇಲೆ ಗೊತ್ತಾಯಿತು, ಮೊಣಕಾಲುಗಳ ನಡುವೆ ಒಂದು ಫಲಕ, ಆ ಫಲಕದ ತುಂಬ ಮೀಟರುಗಳು, ಮೀಟರುಗಳ ಹಿಂದೆ ಕೇಶರಾಶಿಯಂತೆ ವೈರುಗಳು. ಇವಕ್ಕೆಲ್ಲ ಅನ್ನ ಹಾಕುವುದು ಸೀಟಿನ ಹಿಂದಿರುವ, ಸ್ಕೂಟರಿನದಷ್ಟೇ ಗಾತ್ರದ 12 ವೋಲ್ಟಿನ ಒಂದು ಬ್ಯಾಟರಿ. ಎಂಜಿನ್ ಇಲ್ಲವಾದ್ದರಿಂದ ಮೇಲೆ ಹೋದ ಮೇಲೆ ಚಾರ್ಜ್ ಆಗುವ ಮಾತಿಲ್ಲ. ಮನೆಯಿಂದ ಕಟ್ಟಿಕೊಂಡು ಹೋದ ಬುತ್ತಿಯಲ್ಲೇ ದಿನ ಕಳೆಯಬೇಕು.

ಈ ಮೀಟರುಗಳಲ್ಲಿ ಪ್ರಾಣವಾಯುವಿನಂಥದ್ದು ವೇರಿಯೋಮೀಟರ್. ಸುಮಾರು ಒಂದು ಕಿಲೋಮೀಟರ್ ಉದ್ದದ ಹಗ್ಗ ಕಟ್ಟಿ, ಮೈದಾನದ ಆ ತುದಿಯಲ್ಲಿರುವ ವಿಂಚ್ ಯಂತ್ರ ಸರ್ರನೆ ಎಳೆದರೆ ಗ್ಲೈಡರ್ ಗಾಳಿಪಟದಂತೆ 400 ಮೀಟರ್ ಏರುತ್ತದೆ. ಹಗ್ಗ ಕಳಚಿ ಬೀಳುತ್ತದೆ. ಅಲ್ಲಿಂದ ಮುಂದೆ ನಿಮ್ಮ ಹಣೆಬರಹ. ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಮುಕ್ಕಾಲು ಮೀಟರಿಗಿಂತ ಸ್ವಲ್ಪ ಕಡಿಮೆ ವೇಗದಲ್ಲಿ ಇಳಿಯುತ್ತಲೇ ಇರುತ್ತೀರಿ, ಅಂದರೆ ಹತ್ತು ನಿಮಿಷದ ಆಯುಸ್ಸು. ಅಷ್ಟರಲ್ಲಿ ನೆಲದಿಂದ ಮೇಲೇಳುವ ಬಿಸಿಗಾಳಿ ಸಿಕ್ಕಿದರೆ ಅದರೊಳಗೆ ಹದ್ದಿನಂತೆ ಸುತ್ತುತ್ತ ಮೇಲೇರಬಹುದು. ಆದರೆ ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಎಂಬುದು ಮೈಗೆ ಗೊತ್ತಾಗುವುದಿಲ್ಲ. ಲಿಫ್ಟಿನಲ್ಲಿ ಹೊರಟದ್ದು, ನಿಂತದ್ದು ಹೊಟ್ಟೆಗೆ ತಿಳಿಯುತ್ತದೆ, ನಡುವಿನದು ತಿಳಿಯುವುದಿಲ್ಲವಲ್ಲ, ಹಾಗೆ. ಅದನ್ನು ಗಾಳಿಯ ಒತ್ತಡದ ಬದಲಾವಣೆಯಿಂದ ಹಿಡಿದು ಹೇಳುವುದು ವೇರಿಯೋಮೀಟರ್. ಏರುವಾಗ ‘ಪೀ ಪೀ ಪೀ’, ಇಳಿಯುವಾಗ ಹರಳೆಣ್ಣೆ ಕುಡಿದ ಮಗುವಿನಂತೆ ‘ಊಂಂಂ’. ಹಿಂದೆ ಇದಕ್ಕೆ ಕರೆಂಟೇ ಬೇಕಿರಲಿಲ್ಲ. ಫಲಕದ ಹಿಂದೆ ಒಂದು ಥರ್ಮಾಸ್ ಫ್ಲಾಸ್ಕ್ ಇಟ್ಟು, ಅದರೊಳಕ್ಕೆ ಹೊರಕ್ಕೆ ಗಾಳಿ ನುಸುಳುವ ರಭಸದಿಂದ ಮುಳ್ಳನ್ನು ಆಡಿಸುತ್ತಿದ್ದರು. ನಿಜವಾದ ಥರ್ಮಾಸ್ ಫ್ಲಾಸ್ಕೇ, ಕಾಫಿ ಮಾತ್ರ ಇಲ್ಲ. ನಾನು ಹಾರಿಸುವ ಒಂಟಿ ಆಸನದ ಗ್ಲೈಡರಿನಲ್ಲೂ ಅಂಥದ್ದಿತ್ತು. ಎರಡು ವರ್ಷದ ಹಿಂದೆ ಅದನ್ನು ಕಿತ್ತು, ಬಣ್ಣದ ಪರದೆಯ ಎಲೆಕ್ಟ್ರಾನಿಕ್ ವೇರಿಯೋಮೀಟರ್ ಕೂರಿಸಿದರು. ಫ್ಲಾಸ್ಕು ಈಗ ವರ್ಕ್‌ಶಾಪಿನ ಕಪಾಟಿನಲ್ಲಿ ತುಕ್ಕು ಹಿಡಿದ ಸ್ಕ್ರೂಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕುಳಿತಿದೆ. ನನ್ನನ್ನು ನೋಡಿದಾಗಲೆಲ್ಲ ನಗುತ್ತದೆ ಎಂದು ನನ್ನ ಗುಮಾನಿ.

ಆ ಭಾನುವಾರ ಆದದ್ದು ಇಷ್ಟು. ಹತ್ತಿ ಹಿಂಜಿ ಹರಡಿದಂಥ ಮೋಡಗಳು, ತೆಳುಗಾಳಿ, ವರ್ಷಕ್ಕೆ ನಾಲ್ಕೈದು ಬಾರಿ ಮಾತ್ರ ಸಿಗುವ ದಿನ. ಎರಡು ಗಂಟೆ ಸರದಿಯಲ್ಲಿ ಕಾದು, ಪ್ಯಾರಾಶೂಟ್ ಬಿಗಿದುಕೊಂಡು, ಸೀಸದ ಹಲಗೆಗಳನ್ನು ಕಾಲ ಬಳಿ ಬೋಲ್ಟ್ ಹಾಕಿಕೊಂಡು ಹೊರಟೆ. ಸೀಸ ಏಕೆಂದರೆ, ಈ ಗ್ಲೈಡರಿನಲ್ಲಿ ಪ್ಯಾರಾಶೂಟ್ ಸೇರಿ ಕನಿಷ್ಠ 70 ಕಿಲೋ ತೂಕದ ಮನುಷ್ಯ ಕೂರಬೇಕು. ಇಲ್ಲವಾದರೆ ಮೂತಿ ಹಗುರವಾಗಿ, ಬಾಲ ಭಾರವಾಗಿ ವಿಮಾನ ಮಾತು ಕೇಳುವುದಿಲ್ಲ. ನಾನು 56 ಕಿಲೋ. ಚನ್ನರಾಯಪಟ್ಟಣದಲ್ಲಿರುವ ನನ್ನ ಅಮ್ಮ ವಿಡಿಯೊ ಕರೆಯಲ್ಲಿ ಪ್ರತಿ ವಾರ ಹೇಳುವ ಮಾತನ್ನೇ ಜರ್ಮನಿಯ ವಿಮಾನದ ಕೈಪಿಡಿಯೂ ಹೇಳುತ್ತದೆ.

ಮೇಲೆ ಹೋದೆ. ಎರಡೇ ನಿಮಿಷದಲ್ಲಿ ಬಿಸಿಗಾಳಿ ಸಿಕ್ಕಿತು. ‘ಪೀ ಪೀ ಪೀ’. ಆಹಾ. ಅದರಲ್ಲಿ ಆಗಲೇ ಇನ್ನಿಬ್ಬರು ಸುತ್ತುತ್ತಿದ್ದರು. ಒಬ್ಬರ ಸುತ್ತಿಗೆ ಇನ್ನೊಬ್ಬರು ಸೇರುವಾಗ ರೇಡಿಯೊದಲ್ಲಿ ಒಂದು ಮಾತು ಹೇಳುವುದು ಮರ್ಯಾದೆ. ಹಿಡಿಕೋಲಿನ ಮೇಲಿರುವ ಗುಂಡಿ ಒತ್ತಿ, ನನ್ನ ವಿಮಾನದ ಗುರುತು ಹೇಳಲೆಂದು ‘ಡೆಲ್ಟಾ’ ಎಂದೆ. ಫಲಕ ಕತ್ತಲಾಯಿತು. ವೇರಿಯೋಮೀಟರ್, ರೇಡಿಯೊ, ಪಕ್ಕದ ವಿಮಾನ ಹತ್ತಿರ ಬಂದರೆ ಎಚ್ಚರಿಸುವ ಪೆಟ್ಟಿಗೆ, ಮೂರೂ ಒಟ್ಟಿಗೆ ಕಣ್ಣು ಮುಚ್ಚಿದವು. ಗುಂಡಿ ಬಿಟ್ಟೆ. ಮೂರೂ ಒಂದೊಂದಾಗಿ ಎದ್ದವು. ವೇರಿಯೋಮೀಟರ್ ತನ್ನ ಕಂಪನಿಯ ಲಾಂಛನ ತೋರಿಸಿ, ಗಂಟಲು ಸರಿ ಇದೆಯೇ ಎಂದು ಸಾ ರಿ ಗ ಮ ಹಾಡಿ ನೋಡಿಕೊಂಡು, ಉಪಗ್ರಹ ಹುಡುಕುತ್ತ ಕುಳಿತಿತು. ನಾನು ನೂರಕ್ಕೆ ಸಮೀಪದ ವೇಗದಲ್ಲಿ, ಇನ್ನಿಬ್ಬರ ನಡುವೆ, ಕಿವುಡನಾಗಿ ಸುತ್ತುತ್ತಿದ್ದೆ.

ರೇಡಿಯೊಗೆ ಪ್ರಾಣ ಬಂದೊಡನೆ ಕೆಳಗಿನಿಂದ ಅತ್ಯಂತ ಸೌಜನ್ಯದ ದನಿ: ‘ಡೆಲ್ಟಾ ಎಂದವರು ಯಾರು? ದಯವಿಟ್ಟು ಮತ್ತೊಮ್ಮೆ ಹೇಳಿ.’

ಕೇಳಿದವರಿಗೆ ಉತ್ತರ ಕೊಡದೆ ಇರುವುದು ನಮ್ಮ ಮನೆಯಲ್ಲಿ ಕಲಿಸಿದ ಪಾಠವಲ್ಲ. ಗುಂಡಿ ಒತ್ತಿದೆ. ‘ಡೆಲ್ಟಾ ನಾಲ್ಕು’. ಕತ್ತಲು. ಲಾಂಛನ. ಸಾ ರಿ ಗ ಮ. ಅಷ್ಟು ಹೊತ್ತಿಗೆ ಬಿಸಿಗಾಳಿಯಿಂದ ಆಚೆ ಜಾರಿದ್ದೆ. ಕೆಳಗಿನ ದನಿ ಈಗ ಇನ್ನಷ್ಟು ಸೌಜನ್ಯದಿಂದ, ಮಕ್ಕಳಿಗೆ ಕಾಗುಣಿತ ಹೇಳಿಕೊಡುವ ಧಾಟಿಯಲ್ಲಿ: ‘ನಿಮ್ಮ ಮಾತು ಅರ್ಥವಾಗುತ್ತಿಲ್ಲ. ಸ್ವಲ್ಪ ನಿಧಾನವಾಗಿ ಮಾತನಾಡಿ.’

ದನಿಯಿಂದ ನನ್ನನ್ನು ಗುರುತು ಹಿಡಿದಿದ್ದರು. ಕ್ಲಬ್ಬಿನಲ್ಲಿ ಜರ್ಮನ್ ಭಾಷೆಯನ್ನು ಹಾಸನದ ಲಯದಲ್ಲಿ ಮಾತನಾಡುವವನು ನಾನೊಬ್ಬನೇ. ಹಾಗಾಗಿ ಇದು ಕರೆಂಟಿನ ತೊಂದರೆಯಲ್ಲ, ವ್ಯಾಕರಣದ ತೊಂದರೆ ಎಂದು ಕೆಳಗೆ ಸರ್ವಾನುಮತದ ತೀರ್ಮಾನವಾಗಿತ್ತು. ನಾನಾದರೂ ಯೋಚಿಸಬಾರದೇ? ಗುಂಡಿ ಒತ್ತಿ, ನಿಧಾನವಾಗಿ, ಅಕ್ಷರ ಬಿಡಿಸಿ ಬಿಡಿಸಿ ಹೇಳಿದೆ. ಬೇಗ ಹೇಳಿದಾಗ ‘ಡೆಲ್ಟಾ ನಾಲ್ಕು’ ಎಂಬಷ್ಟಾದರೂ ಹೋಗುತ್ತಿತ್ತು. ನಿಧಾನವಾಗಿ ಹೇಳಿದ್ದರಿಂದ ‘ಡೆಲ್’ ಎಂಬಲ್ಲಿಗೇ ಕತ್ತಲಾಯಿತು. ಕೆಳಗಿನವರು ಪಾಪ, ಮತ್ತೂ ನಿಧಾನವಾಗಿ, ಇನ್ನೂ ದೊಡ್ಡ ದನಿಯಲ್ಲಿ ಕೇಳಿದರು. ಹೀಗೆ ಅವರ ಸೌಜನ್ಯ, ನನ್ನ ಸೌಜನ್ಯ ಎರಡೂ ಸೇರಿ ನನ್ನನ್ನು 200 ಮೀಟರಿಗೆ ತಂದು ಬಿಟ್ಟವು. ಅಲ್ಲಿಂದ ಕೆಳಗೆ ಬೇರೆ ದಾರಿಯಿಲ್ಲ, ಇಳಿಯಬೇಕು. ಇಳಿದೆ. ಮೇಲೆ ಆ ಇಬ್ಬರು ಚುಕ್ಕೆಗಳಾಗಿ ಮೋಡದ ಬುಡದಲ್ಲಿ ಸುತ್ತುತ್ತಿದ್ದರು.

ಇದು ಮೊದಲ ಸಲವಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಾಲ್ಕನೆಯ ಸಲ. ಹಿಂದಿನ ಮೂರು ಸಲವೂ ನಾನು ದೋಷದ ಪುಸ್ತಕದಲ್ಲಿ ಬರೆದಿದ್ದೆ. ಮೂರು ಸಲವೂ ಅದರ ಕೆಳಗೆ ಮುತ್ತಿನಂಥ ಅಕ್ಷರಗಳಲ್ಲಿ ಉತ್ತರ ಬಂದಿತ್ತು: ‘ಪರೀಕ್ಷಿಸಲಾಯಿತು. ದೋಷ ಕಂಡುಬಂದಿಲ್ಲ.’

ಈ ಅಕ್ಷರಗಳ ಒಡೆಯರನ್ನು ನಾನು ಮನಸ್ಸಿನಲ್ಲೇ ಶಾಸ್ತ್ರಿಗಳು ಎಂದು ಕರೆಯುತ್ತೇನೆ. ನಿವೃತ್ತ ಎಲೆಕ್ಟ್ರಿಕಲ್ ಎಂಜಿನಿಯರ್, ಆರಡಿ ಮೇಲೆ ಎತ್ತರ, 96 ಕಿಲೋ. ಕ್ಲಬ್ಬಿನ ಅಷ್ಟೂ ವೈರುಗಳ ಪೌರೋಹಿತ್ಯ ಅವರದು. ಬರುವಾಗ ಚರ್ಮದ ಚೀಲದಲ್ಲಿ ಮಲ್ಟಿಮೀಟರ್ ತರುತ್ತಾರೆ. ಅದನ್ನು ಬಿಚ್ಚುವ ಮೊದಲು ಒಂದು ಬಿಳಿಬಟ್ಟೆ ಹಾಸುತ್ತಾರೆ. ಕನ್ನಡಕ ಬದಲಾಯಿಸುತ್ತಾರೆ. ಬಳಿಕ ಸಂಕಲ್ಪ ಮಾಡಿಸುವವರಂತೆ ಗಂಭೀರವಾಗಿ ಕೇಳುತ್ತಾರೆ: ‘ಬ್ಯಾಟರಿ ಚಾರ್ಜ್ ಆಗಿದೆಯೇ?’

ವಿಮಾನ ಎರಡು ತುಂಡಾಗಿ ಬಿದ್ದಿದ್ದರೂ ಅವರ ಮೊದಲ ಪ್ರಶ್ನೆ ಅದೇ ಇರುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆಗಿದೆ ಎಂದರೆ ನಂಬುವುದಿಲ್ಲ, ತಾವೇ ಅಳೆಯುತ್ತಾರೆ. 12.7 ವೋಲ್ಟ್. ಹುಬ್ಬೇರಿಸಿ, ಇರಲಿ ಎಂಬಂತೆ ಬರೆದುಕೊಳ್ಳುತ್ತಾರೆ. ಫ್ಯೂಸ್ ತೆಗೆದು ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ಆ ಕಿರಿದಾದ ಕಾಕ್‌ಪಿಟ್ಟಿನೊಳಗೆ, ಉಪ್ಪಿನಕಾಯಿ ಭರಣಿಗೆ ಕುಂಬಳಕಾಯಿ ಇಳಿಸಿದಂತೆ, ತಮ್ಮನ್ನು ತಾವು ಇಳಿಸಿಕೊಳ್ಳುತ್ತಾರೆ. ಸ್ವಿಚ್ ಹಾಕುತ್ತಾರೆ. ಎಲ್ಲ ದೀಪಗಳೂ ದೀಪಾವಳಿಯಂತೆ ಬೆಳಗುತ್ತವೆ. ಗುಂಡಿ ಒತ್ತಿ, ‘ಪರೀಕ್ಷೆ, ಪರೀಕ್ಷೆ, ಒಂದು, ಎರಡು, ಮೂರು’ ಎನ್ನುತ್ತ ಹತ್ತರವರೆಗೂ ಎಣಿಸುತ್ತಾರೆ. ಒಂದೇ ಒಂದು ದೀಪ ಮಿಣುಕುವುದಿಲ್ಲ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಮೂರೇ ಪದ ಹೇಳುತ್ತಾರೆ: ‘ಬೈ ಮೀರ್ ಗೇಟ್ಸ್.’ ಅಂದರೆ, ನನ್ನ ಕೈಯಲ್ಲಿ ನಡೆಯುತ್ತದೆ.

ಈ ಅವಮಾನ ನಿಮಗೂ ಗೊತ್ತಿರುವುದೇ. ರಾತ್ರಿಯಿಡೀ ಕೆಂಡದಂತೆ ಸುಡುತ್ತಿದ್ದ ಮಗುವನ್ನು ಹೊತ್ತು ಡಾಕ್ಟರ ಬಳಿ ಹೋದರೆ, ಅಲ್ಲಿ ಅದು ಮೇಜಿನ ಮೇಲಿನ ಪೆನ್ನು ಎಳೆಯುತ್ತ ಕೇಕೆ ಹಾಕುತ್ತದೆ. ಒಂದು ತಿಂಗಳಿಂದ ಕಟಕಟ ಎನ್ನುತ್ತಿದ್ದ ಸ್ಕೂಟರು ಮೆಕ್ಯಾನಿಕ್ಕಿನ ಅಂಗಡಿಯ ಮುಂದೆ ವೀಣೆಯಂತೆ ಮಿಡಿಯುತ್ತದೆ. ‘ಎಲ್ಲಿ ಸಾರ್ ಸದ್ದು?’ ಎಂದು ಅವನು ಕೇಳಿದಾಗ ನಾವೇ ಬಾಯಲ್ಲಿ ಕಟಕಟ ಮಾಡಿ ತೋರಿಸಬೇಕು. ನಾನೂ ಶಾಸ್ತ್ರಿಗಳ ಮುಂದೆ ವೇರಿಯೋಮೀಟರಿನ ಸಾ ರಿ ಗ ಮ ಹಾಡಿ ತೋರಿಸಿದ್ದೇನೆ. ಅವರು ಪೂರ್ತಿ ಕೇಳಿ, ‘ಬೇರೆ ಯಾರಿಗೂ ಹೀಗಾಗಿಲ್ಲ’ ಎಂದರು. ಅದೇ ನಿಜವಾದ ಏಟು. ಆ ಗ್ಲೈಡರನ್ನು ಹಾರಿಸುವ ಏಳೆಂಟು ಮಂದಿ ಗಂಡಸರಲ್ಲಿ ಯಾರ ಬಾಯಿಗೂ ಅದು ಕತ್ತಲು ಕವಿಸಿರಲಿಲ್ಲ. ಕನ್ನಡಿಗ ಗುಂಡಿ ಮುಟ್ಟಿದರೆ ಮಾತ್ರ ಅಮಾವಾಸ್ಯೆ.

ಇಲ್ಲಿಂದ ಮುಂದೆ ಎಲ್ಲರೂ ವೈದ್ಯರಾದರು. ಹುಡುಗರು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಎಂದರು. ಹಿರಿಯರೊಬ್ಬರು ಎಲ್ಲವನ್ನೂ ಕಿತ್ತು ಎಸೆದು, ಗಾಜಿನ ಮೇಲೆ ಅಂಟಿಸಿರುವ ಉಣ್ಣೆದಾರ ನೋಡಿಕೊಂಡು ಹಾರಿ ಎಂದರು. ಅವರ ಮಾತು ಪೂರ್ತಿ ತಮಾಷೆಯಲ್ಲ. ವಿಮಾನ ಗಾಳಿಗೆ ಓರೆಯಾಗಿ ಸರಿಯುತ್ತಿದೆಯೇ ಎಂದು ತೋರಿಸಲು ಇಂದಿಗೂ ಬಹುತೇಕ ಎಲ್ಲ ಗ್ಲೈಡರುಗಳ ಗಾಜಿನ ಮೇಲೆ ಗೇಣುದ್ದಕ್ಕಿಂತ ಚಿಕ್ಕದಾದ ಒಂದು ಉಣ್ಣೆದಾರ ಅಂಟಿಸಿರುತ್ತಾರೆ. ರೈಟ್ ಸಹೋದರರೂ ತಮ್ಮ ಗ್ಲೈಡರಿಗೆ ಇಂಥದೇ ದಾರ ಕಟ್ಟಿದ್ದರು. ಸಾವಿರಾರು ಯೂರೋ ಬೆಲೆಯ ಉಪಕರಣಗಳ ನಡುವೆ ಒಮ್ಮೆಯೂ ಕೆಡದ, ‘ಬ್ಯಾಟರಿ ಚಾರ್ಜ್ ಆಗಿದೆಯೇ’ ಎಂದು ಕೇಳಿಸಿಕೊಳ್ಳದ ಏಕೈಕ ಉಪಕರಣ ಅದು.

ನನ್ನ ಸ್ವಂತ ಚಿಕಿತ್ಸಾ ಪದ್ಧತಿಯಲ್ಲಿ ಇರುವುದು ಎರಡೇ ವಿಧಾನ, ತಟ್ಟುವುದು ಮತ್ತು ಊದುವುದು. ಊದುವುದನ್ನು ಇಲ್ಲಿ ಮೊದಲ ವರ್ಷವೇ ನಿಷೇಧಿಸಲಾಯಿತು. ಒತ್ತಡದ ಕೊಳವೆಯಲ್ಲಿ ನೀರು ಸೇರಿದೆ ಎಂದು ಯಾರೋ ಅಂದದ್ದೇ ತಡ, ಬಾಯಿಟ್ಟು ಊದಲು ಹೊರಟಿದ್ದೆ. ಮೂವರು ಒಟ್ಟಿಗೆ ಕಿರುಚಿದರು. ಕೊಳವೆಯ ಆ ತುದಿಯಲ್ಲಿರುವ ನಾಜೂಕಿನ ಮೀಟರಿಗೆ ಮನುಷ್ಯನ ಉಸಿರು ಎಂದರೆ ಬಿರುಗಾಳಿಯಂತೆ. ಆದರೆ ತಟ್ಟುವುದಕ್ಕೆ ಮಾತ್ರ ಇಲ್ಲಿ ರಾಜಮರ್ಯಾದೆ. ಎಂಜಿನ್ ವಿಮಾನದಲ್ಲಿ ಅದರ ನಡುಕಕ್ಕೇ ಎತ್ತರ ತೋರಿಸುವ ಮುಳ್ಳು ಸಲೀಸಾಗಿ ಓಡಾಡುತ್ತದೆ. ಗ್ಲೈಡರಿನಲ್ಲಿ ನಡುಕವಿಲ್ಲ, ಮುಳ್ಳು ಅಲ್ಲಲ್ಲೇ ಅಂಟಿ ನಿಲ್ಲುತ್ತದೆ. ಹಾಗಾಗಿ ಬೆರಳ ಗೆಣ್ಣಿನಿಂದ ಗಾಜನ್ನು ಮೆಲ್ಲಗೆ ತಟ್ಟಿ ನೋಡುವುದು ರೂಢಿ. ನನ್ನ ಗುರುಗಳು ಮೊದಲ ಪಾಠದಲ್ಲಿ ಹಿಂದಿನ ಆಸನದಿಂದ ‘ತಟ್ಟು’ ಎಂದಾಗ ನನಗೆ ಒಂದು ಕ್ಷಣ ಆಕಾಶವೇ ಮರೆತುಹೋಗಿತ್ತು. ಅಜ್ಜನ ರೇಡಿಯೊ ನಡುಮನೆಯ ಗೂಡಿನಲ್ಲಿತ್ತು. ಬೆಳಗಿನ ಪ್ರದೇಶ ಸಮಾಚಾರದ ಹೊತ್ತಿಗೆ ಸರಿಯಾಗಿ ಕೊರಕೊರ ಎನ್ನಲು ಶುರುಮಾಡುತ್ತಿತ್ತು. ಅಜ್ಜ ಕೂತಲ್ಲಿಂದಲೇ ಬೆತ್ತ ಚಾಚಿ ಅದರ ಎಡಮಗ್ಗುಲಿಗೆ, ಒಂದು ನಿರ್ದಿಷ್ಟ ಜಾಗಕ್ಕೆ, ನಿರ್ದಿಷ್ಟ ಬಲದಲ್ಲಿ ತಟ್ಟುತ್ತಿದ್ದರು. ವಾರ್ತೆ ಸ್ಪಷ್ಟವಾಗುತ್ತಿತ್ತು. ನಾವು ತಟ್ಟಿದರೆ ಆಗುತ್ತಿರಲಿಲ್ಲ. ಅಜ್ಜ ಹೋದ ಮೇಲೆ ಆ ರೇಡಿಯೊ ಒಂದು ದಿನವೂ ಸರಿಯಾಗಿ ಮಾತನಾಡಲಿಲ್ಲ. ರಿಪೇರಿಗೆ ಕೊಟ್ಟೆವು. ‘ಇದರಲ್ಲಿ ಏನೂ ದೋಷವಿಲ್ಲ’ ಎಂದು ಅಂಗಡಿಯವನು ಹಾಗೆಯೇ ವಾಪಸು ಕೊಟ್ಟಿದ್ದ.

ಮೊನ್ನೆ ಶನಿವಾರ ಮತ್ತೆ ಮೈದಾನಕ್ಕೆ ಹೋದೆ. ಹಾರಲು ಅಲ್ಲ, ಮುಖ ಊದಿಸಿಕೊಂಡು ಕೂರಲು. ದೋಷದ ಪುಸ್ತಕದಲ್ಲಿ ನನ್ನ ನಾಲ್ಕನೆಯ ದೂರಿನ ಕೆಳಗೆ ಆಗಲೇ ಆ ಮುತ್ತಿನಕ್ಷರಗಳಿದ್ದವು. ಪಕ್ಕದಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳು ಬ್ರೆಡ್ಡು ತಿನ್ನುತ್ತಿದ್ದಳು. ಈ ವರ್ಷವಷ್ಟೇ ಒಂಟಿ ಆಸನಕ್ಕೆ ಬಡ್ತಿ ಪಡೆದವಳು. ಪುಟ ಇಣುಕಿ ನೋಡಿ, ‘ಇದು ನನಗೂ ಆಗುತ್ತದೆ’ ಎಂದಳು.

‘ಹಾಗಾದರೆ ಬರೆಯಲಿಲ್ಲ ಏಕೆ?’

‘ಹೊಸಬಳಲ್ಲವೇ. ನಾನೇ ಗುಂಡಿ ತಪ್ಪಾಗಿ ಒತ್ತುತ್ತಿರಬೇಕು ಅಂದುಕೊಂಡೆ.’

ಅವಳನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಹಾಗಾದರೆ ಇದು ನನ್ನ ಜಾತಕದ ದೋಷವಲ್ಲ. ಇಬ್ಬರೂ ಕುಳಿತು ಯೋಚಿಸಿದೆವು. ಒಂಬತ್ತನೆಯ ತರಗತಿಯ ಜರ್ಮನ್ ಹುಡುಗಿಗೂ ಚನ್ನರಾಯಪಟ್ಟಣದ ಈ ನಡುವಯಸ್ಸಿನವನಿಗೂ ಸಮಾನವಾದದ್ದು ಏನಿದೆ? ಭಾಷೆಯಲ್ಲ, ವಯಸ್ಸಲ್ಲ, ಅನುಭವವಲ್ಲ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನಾನು ಅವಳನ್ನು ನೋಡಿದೆ. ‘ಸೀಸ!’ ಎಂದು ಇಬ್ಬರೂ ಒಟ್ಟಿಗೆ ಎದ್ದೆವು.

ಅಷ್ಟೇ ಇದ್ದದ್ದು. ಬ್ಯಾಟರಿಯಿಂದ ಫಲಕಕ್ಕೆ ಹೋಗುವ ವೈರು ಕಾಕ್‌ಪಿಟ್ಟಿನ ನೆಲದ ಮೇಲೆ ಹಾದುಹೋಗುತ್ತದೆ. ಅದನ್ನು ಹಿಡಿದಿದ್ದ ಪ್ಲಾಸ್ಟಿಕ್ ಪಟ್ಟಿ ಎಂದೋ ತುಂಡಾಗಿ, ವೈರು ಸೀಸದ ಹಲಗೆ ಕೂರುವ ಜಾಗಕ್ಕೆ ಸರಿದಿತ್ತು. ಹಲಗೆ ಇಟ್ಟು ಬೋಲ್ಟ್ ಬಿಗಿದಾಗಲೆಲ್ಲ ಅದರ ಅಂಚು ವೈರನ್ನು ಕಚ್ಚುತ್ತಿತ್ತು. ಕಚ್ಚಿ ಕಚ್ಚಿ ಒಳಗಿನ ತಂತಿಗಳಲ್ಲಿ ಉಳಿದದ್ದು ಎರಡೋ ಮೂರೋ ಎಳೆ. ಸುಮ್ಮನೆ ಕೇಳಿಸಿಕೊಳ್ಳುವಾಗ ರೇಡಿಯೊಗೆ ಬೇಕಾದ ಚೂರು ಕರೆಂಟು ಆ ಎಳೆಗಳಲ್ಲಿ ಹಾಯುತ್ತದೆ. ಮಾತನಾಡುವಾಗ ಅದಕ್ಕೆ ಹಲವು ಪಟ್ಟು ಹೆಚ್ಚು ಬೇಕು. ಎಳೆಗಳು ಅಷ್ಟನ್ನು ಹೊರಲಾರದೆ, ವೋಲ್ಟೇಜು ಕುಸಿದು ಇಡೀ ಮನೆಗೆ ಕತ್ತಲು. ನಾವು ಬೆಳಗ್ಗೆ ರೇಡಿಯೊ ಪರೀಕ್ಷೆ ಮಾಡುವಾಗ ಹಲಗೆ ಹಾಕಿರುವುದಿಲ್ಲ. ಇಳಿದೊಡನೆ ಮುಂದಿನವರಿಗೆ ತೊಂದರೆಯಾಗಬಾರದೆಂದು, ಒಳ್ಳೆಯ ನಾಗರಿಕನಂತೆ, ಬಿಚ್ಚಿ ಒರೆಸಿ ಕಪಾಟಿನಲ್ಲಿಡುತ್ತೇನೆ. ಆಮೇಲೆ ಶಾಸ್ತ್ರಿಗಳನ್ನು ಕರೆಯುತ್ತೇನೆ. ಸಾಕ್ಷಿಯನ್ನು ನಾಲ್ಕು ಬಾರಿಯೂ ನನ್ನ ಕೈಯಾರೆ ತೊಳೆದಿಟ್ಟಿದ್ದೆ.

ಶಾಸ್ತ್ರಿಗಳು ಬಂದರು. ಬಿಳಿಬಟ್ಟೆ ಹಾಸಿದರು. ‘ಬ್ಯಾಟರಿ ಚಾರ್ಜ್ ಆಗಿದೆಯೇ?’ ಎಂದರು. ಹುಡುಗಿ ಸೀಸದ ಹಲಗೆ ಇಟ್ಟು ಬೋಲ್ಟ್ ಬಿಗಿದಳು. ಅವರು ಗುಂಡಿ ಒತ್ತಿ ‘ಪರೀ’ ಎಂದರು. ಕತ್ತಲು. ಲಾಂಛನ. ಸಾ ರಿ ಗ ಮ. ನಾನು ಅವರ ಮುಖ ಬಾಡುವುದನ್ನು ನೋಡಲು ಹಲ್ಲು ಕಚ್ಚಿ ಕಾದಿದ್ದೆ. ಮುಖ ಬಾಡಲಿಲ್ಲ. ಹತ್ತು ವರ್ಷದ ಹುಡುಗನ ಹಾಗೆ ಅರಳಿತು. ಇನ್ನೊಮ್ಮೆ ಒತ್ತಿದರು, ಮತ್ತೊಮ್ಮೆ ಒತ್ತಿದರು, ಕತ್ತಲಾದಾಗಲೆಲ್ಲ ಕಿಲಕಿಲ ನಕ್ಕರು. ಒಂದು ಗಂಟೆಯಲ್ಲಿ ಹೊಸ ವೈರು ಎಳೆದು, ಅದಕ್ಕೊಂದು ದಪ್ಪ ಕವಚ ತೊಡಿಸಿ, ಬೇರೆ ದಾರಿಯಲ್ಲಿ ಕಟ್ಟಿದರು. ಪುಸ್ತಕದಲ್ಲಿ ‘ದೋಷ ನಿವಾರಿಸಲಾಯಿತು’ ಎಂದು ಬರೆದರು. ಮೊದಲಿನ ನಾಲ್ಕು ‘ಕಂಡುಬಂದಿಲ್ಲ’ಗಳ ಬಗ್ಗೆ ಒಂದು ಮಾತೂ ಇಲ್ಲ. ನಾನೂ ಕೇಳಲಿಲ್ಲ, ಆದರೆ ಲೆಕ್ಕ ಇಟ್ಟಿದ್ದೇನೆ.

ರಾತ್ರಿ ಅಮ್ಮನಿಗೆ ಎಲ್ಲವನ್ನೂ ವಿವರಿಸಿದೆ. ವೋಲ್ಟೇಜು, ವೈರು, ಹಲಗೆ. ಅಮ್ಮ ತಾಳ್ಮೆಯಿಂದ ಕೇಳಿ, ‘ಅಂದರೆ, ನೀನು ಹೊತ್ತಿಗೆ ಸರಿಯಾಗಿ ಎರಡು ಮುದ್ದೆ ಉಂಡಿದ್ದರೆ ಆ ವಿಮಾನ ಕೆಡುತ್ತಲೇ ಇರಲಿಲ್ಲ’ ಎಂದರು. ಇಂಥ ನಿಖರವಾದ ಶೋಧವನ್ನು ನಾಲ್ಕು ಬಾರಿ ಮಲ್ಟಿಮೀಟರ್ ಹಿಡಿದವರೂ ಮಾಡಿರಲಿಲ್ಲ.

ನಿನ್ನೆ ಭಾನುವಾರ ಹಾರಿದೆ. ಮೋಡ ಅಷ್ಟಕ್ಕಷ್ಟೇ, ಹಿಂದಿನ ವಾರದ ದಿನ ಮತ್ತೆ ಬರುತ್ತದೆಯೇ? ಆದರೂ ಒಂದು ಸಣ್ಣ ಬಿಸಿಗಾಳಿ ಸಿಕ್ಕಿತು. ಅಲ್ಲಿ ಒಬ್ಬರು ಸುತ್ತುತ್ತಿದ್ದರು. ಎದೆ ಡವಗುಟ್ಟುತ್ತಿತ್ತು. ಗುಂಡಿ ಒತ್ತಿದೆ. ಬೆಳಕು ಬೆಳಕಾಗಿಯೇ ಇತ್ತು. ನನ್ನ ಗುರುತು, ನನ್ನ ಎತ್ತರ, ನಾನು ಯಾವ ಕಡೆಯಿಂದ ಸೇರುತ್ತಿದ್ದೇನೆ, ಎಲ್ಲವನ್ನೂ ಒಂದು ಪೂರ್ತಿ ವಾಕ್ಯದಲ್ಲಿ, ಕೊನೆಯ ಕ್ರಿಯಾಪದದವರೆಗೂ, ಜೀವನದಲ್ಲಿ ಮೊದಲ ಬಾರಿಗೆ ಜರ್ಮನ್ ಆಕಾಶಕ್ಕೆ ಒಪ್ಪಿಸಿ ಗುಂಡಿ ಬಿಟ್ಟೆ.

ಒಂದು ಕ್ಷಣ ಮೌನ. ಬಳಿಕ ಕೆಳಗಿನಿಂದ ಅದೇ ಸೌಜನ್ಯದ ದನಿ: ‘ಕ್ಷಮಿಸಿ, ಅರ್ಥವಾಗಲಿಲ್ಲ. ಸ್ವಲ್ಪ ನಿಧಾನವಾಗಿ ಹೇಳುತ್ತೀರಾ?’